ಮಸಿ ಉರಿಯುವಷ್ಟು ದೂರ

“ಏನಾದ್ರೂ ಕಾಣಿಸ್ತಾ?” ಎಂದು ಮಾವ ಆಚೆ ಬದಿಯಿಂದ ಕೇಳಿದಾಗ ಅವಳ ತೋರುಬೆರಳು ಬಿರುಕಿನ ಮೇಲೇ ಇತ್ತು.

ಬಿಳಿ ಕಾರು ಲಿಫ್ಟಿನ ಮೇಲೆ ಅವಳ ತಲೆಗಿಂತ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಅವಳು ಎಡಗೈಯಲ್ಲಿ ಟಾರ್ಚು ಹಿಡಿದು ಕತ್ತು ಹಿಂದಕ್ಕೆ ಬಾಗಿಸಿಕೊಂಡಿದ್ದಳು. ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಡಬ್ಬಿಯಿದೆ. ಅದರ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಎರಡು ಸಣ್ಣ ಪೈಪುಗಳು ಮೇಲಕ್ಕೇರಿ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರಿಗೆ ಸೇರುತ್ತವೆ. ಹೊಗೆ ಡಬ್ಬಿಯ ಒಳಗೆ ಹೋಗುವಾಗ ಎಷ್ಟು ಒತ್ತುತ್ತದೆ, ಹೊರಗೆ ಬರುವಾಗ ಎಷ್ಟು ಒತ್ತುತ್ತದೆ ಎಂದು ನೋಡಿ, ಎರಡರ ವ್ಯತ್ಯಾಸವನ್ನು ಕಾರಿನ ಕಂಪ್ಯೂಟರಿಗೆ ಹೇಳುವುದಷ್ಟೇ ಆ ಸೆನ್ಸರಿನ ಕೆಲಸ. ವ್ಯತ್ಯಾಸ ಹೆಚ್ಚಿದರೆ ಡಬ್ಬಿಯಲ್ಲಿ ಮಸಿ ತುಂಬಿದೆ ಎಂದು ಅರ್ಥ. ಆಗ ಕಂಪ್ಯೂಟರು ಒಂದಿಷ್ಟು ಡೀಸೆಲ್ ಹೆಚ್ಚಿಗೆ ಬಿಟ್ಟು, ಡಬ್ಬಿ ಕಾಯಿಸಿ, ಮಸಿಯನ್ನು ತಾನೇ ಸುಟ್ಟುಹಾಕುತ್ತದೆ. ಈ ಕಾರಿನಲ್ಲಿ ಮುಂದಿನ ಪೈಪು ಕ್ಲ್ಯಾಂಪಿನ ಕೆಳಗೆ, ಬಿಸಿ ಕಬ್ಬಿಣಕ್ಕೆ ತೀರ ಹತ್ತಿರ ಬಾಗುವ ಕಡೆ, ಕೂದಲೆಳೆಯಷ್ಟು ಸೀಳಿತ್ತು. ಒತ್ತಡವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಒಳಗೆ ಮಸಿ ಕಂಠಮಟ್ಟ ತುಂಬಿದ್ದರೂ ಸೆನ್ಸರು ಏನೂ ಇಲ್ಲವೆಂದು ಹೇಳುತ್ತಿತ್ತು, ಕಂಪ್ಯೂಟರು ನಂಬುತ್ತಿತ್ತು. ಕೊನೆಗೆ ಲೆಕ್ಕ ತಾಳೆಯಾಗದೆ, ಡ್ರೈವರಿನ ಮುಂದೆ ಕಿತ್ತಳೆ ಬಣ್ಣದ ಲೈಟು ಹತ್ತಿಸಿ, ಗಾಡಿಯ ಶಕ್ತಿಯನ್ನೇ ಕಟ್ಟಿಹಾಕುತ್ತಿತ್ತು.

ಬೆರಳು ತೆಗೆದು ನೋಡಿದಳು. ತುದಿಯಲ್ಲಿ ಸಪೂರವಾಗಿ ಒಂದು ಕಪ್ಪು ಗೆರೆ ಮೂಡಿತ್ತು.

“ಏನೂ ಇಲ್ಲ ಮಾವ,” ಎಂದಳು.

ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ಆದರೆ ಕಡಿಮೆ ಮಾತಿನವರಿಗೆ ಒಂದು ಅನುಕೂಲವಿದೆ. ಅವರ ಸುಳ್ಳಿಗೂ ನಿಜಕ್ಕೂ ಒಂದೇ ಸ್ವರ. ಮಾವ ನಂಬಿದ.

“ಹಾಗಾದ್ರೆ ಆ ಸೆನ್ಸರೇ. ಹೊಸದು ಹಾಕಿದ್ರೂ ದರಿದ್ರದ್ದೇ ಬಂತು ನೋಡು. ಮುಂಚೆ ಗಾಡಿ ಹೊಗೆ ಬಿಟ್ರೆ ಓಡ್ತಾ ಇದೆ ಅಂತ ಅರ್ಥ. ಈಗ ಅದರ ಮೂಗಿಗೊಂದು ಬಟ್ಟೆ ಕಟ್ಟಿ, ಉಸಿರು ಸರಿಯಾಗಿ ಬರ್ತಿದೆಯಾ ಅಂತ ಕೇಳಕ್ಕೆ ಇನ್ನೊಂದು ಮಿಷನ್ನು ಇಟ್ಟಿದಾರೆ. ಇರಲಿ, ಈ ಸಲಾನೂ ಸುಟ್ಟು ಕಳಿಸು. ಆಮೇಲೆ ನೋಡೋಣ.”

ಸುಡುವುದೆಂದರೆ ಅವಳ ಕೆಲಸ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಮನೆ ಸೇರಿದವಳು ಮೊದಮೊದಲು ಗ್ಯಾರೇಜಿಗೆ ಊಟದ ಡಬ್ಬಿ ತರುತ್ತಿದ್ದಳು. ಡಬ್ಬಿ ತೊಳೆಯುವವರೆಗೆ ಮೂಲೆಯ ಟೈರಿನ ಮೇಲೆ ಕೂತು ನೋಡುತ್ತಿದ್ದಳು. ಹಾಗೆ ನೋಡಿನೋಡಿಯೇ ಯಾವ ಸ್ಪ್ಯಾನರು ಯಾವ ನಟ್ಟಿಗೆ ಎಂದು ಕಲಿತಳು. ಮಾವನ ಕಣ್ಣಿಗೆ, ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನ ಸಣ್ಣ ಅಕ್ಷರಗಳು ಇರುವೆಯ ಸಾಲಿನಂತೆ ಹರಿಯತೊಡಗಿದಾಗ ಸ್ಕ್ಯಾನರು ಅವಳ ಕೈಗೆ ಬಂತು. ಗಿರಾಕಿಗಳು ಏನು ಕೇಳಿದರೂ ಅವಳು ಮಾವನ ಮುಖ ನೋಡುತ್ತಿದ್ದಳು. “ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ಹಾಗೆ ನೋಡಿದ್ರೆ ನಮ್ಮ ಪುಟ್ಟಿ ಒಡವೆ ಅಂಗಡಿ,” ಎಂದು ಮಾವ ನಗಿಸುತ್ತಿದ್ದ.

ಬಿಳಿ ಕಾರಿನವನು ಆಸ್ಪತ್ರೆಯ ನರ್ಸುಗಳನ್ನು ಮನೆಯಿಂದ ಕರೆತಂದು, ಪಾಳಿ ಮುಗಿದ ಮೇಲೆ ಮನೆಗೆ ಬಿಡುತ್ತಿದ್ದ. ಊರೊಳಗಿನ ಸಣ್ಣ ಸಣ್ಣ ಓಡಾಟ. ಎಂಜಿನ್ ಕಾಯುವ ಮೊದಲೇ ಆರಿಸಬೇಕು. ಅಂಥ ಗಾಡಿಗೆ ಮಸಿ ಬೇಗ ತುಂಬುತ್ತದೆ. ತುಂಬಿದ ಮಸಿಯನ್ನು ಸುಡಬೇಕಾದರೆ ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು, ಗಾಡಿಯನ್ನು ಹೆದ್ದಾರಿಗೆ ಒಯ್ದು, ಒಂದೇ ಸಮನೆ ಓಡಿಸಬೇಕು. ಓಡಿಸುವವನು ರಸ್ತೆ ನೋಡಬೇಕು, ಪಕ್ಕದಲ್ಲಿ ಒಬ್ಬರು ಕೂತು ಫಿಲ್ಟರಿನ ಬಿಸಿ ಎಷ್ಟು ಡಿಗ್ರಿಗೆ ಏರಿತೆಂದು ನೋಡಬೇಕು.

ಮೊದಲ ಸಲ ಹಾಗೆ ಹೋದಾಗ ಅವಳು ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಅಂಟಿಕೊಂಡಂತೆ ಕೂತಿದ್ದಳು. “ಮುನ್ನೂರ ಎಂಬತ್ತು,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ನಾನೂರ ಮೂವತ್ತು.” ಇನ್ನೂ ಸ್ವಲ್ಪ ದೂರ ಹೋದ ಮೇಲೆ, “ಐನೂರು ದಾಟ್ತು.”

ಅವನು ಕೇಳಿ ಕೇಳಿ, “ಬರೀ ವಾರ್ತೆನೇನಾ? ಮಧ್ಯೆ ಒಂದು ಹಾಡೂ ಹಾಕಲ್ವಾ ನಿಮ್ಮ ರೇಡಿಯೋದಲ್ಲಿ?” ಎಂದ.

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಆ ನಗು ಅವನಿಗೆ ಕಾಣಲಿಲ್ಲ. ಆದರೆ ಹೆಸರು ಉಳಿಯಿತು. ಎರಡನೇ ಸಲ ಲೈಟು ಹತ್ತಿಕೊಂಡು ಬಂದಾಗ ಗ್ಯಾರೇಜಿನ ಬಾಗಿಲಲ್ಲೇ, “ಎಲ್ಲಿ ನಮ್ಮ ರೇಡಿಯೋ?” ಎಂದು ಕೇಳಿದ. ಆ ಸಲ ಅವನು ಡ್ಯಾಶ್‌ಬೋರ್ಡಿನ ಮೇಲೆ ಒಂದು ಕಿತ್ತಳೆಹಣ್ಣು ಇಟ್ಟುಕೊಂಡಿದ್ದ. “ನನ್ನ ಕೈ ಖಾಲಿ ಇಲ್ಲ, ಸುಲಿತೀಯಾ?” ಎಂದ. ನೀವು ಹೋಗಿ ನೀನು ಬಂದಿದ್ದು ಅವಳಿಗೆ ಗೊತ್ತಾಯಿತು. ಸುಲಿದು, ಅರ್ಧವನ್ನು ಅವನ ಕೈಗೆ ಕೊಡದೆ, ಗೇರಿನ ಪಕ್ಕದ ಗುಳಿಯಲ್ಲಿ ಇಟ್ಟಳು. ಅವನು ಒಂದೊಂದೇ ತೊಳೆ ತೆಗೆದು ತಿನ್ನುತ್ತ ತನ್ನ ತಾಯಿಯ ಕಥೆ ಹೇಳಿದ. ಅವರು ಪಕ್ಕದಲ್ಲಿ ಕೂತರೆ ಇಲ್ಲದ ಬ್ರೇಕನ್ನು ಕಾಲಲ್ಲಿ ತುಳಿಯುತ್ತಾರಂತೆ. ಊರು ಮುಟ್ಟುವುದರೊಳಗೆ ಅವರಿಗೇ ಕಾಲು ನೋವಂತೆ. ಸುಟ್ಟ ಕಬ್ಬಿಣದ ವಾಸನೆಯೂ ಕಿತ್ತಳೆ ಸಿಪ್ಪೆಯ ವಾಸನೆಯೂ ಕೂಡಿ ಕಾರಿನೊಳಗೆ ಹರಡಿತ್ತು. ರಸ್ತೆಗೆ ಅಡ್ಡ ಬರದ ನಾಯಿಗೂ ಅವನು ವೇಗ ತಗ್ಗಿಸುತ್ತಾನೆ, ಲಾರಿಯವರು ದಾರಿ ಬಿಟ್ಟರೆ ಅವರಿಗೆ ಕಾಣದಿದ್ದರೂ ಕೈ ಎತ್ತುತ್ತಾನೆ. ಇವೆಲ್ಲ ಅವಳ ಕಣ್ಣಿಗೆ ಬಿದ್ದವು. ಹೇಳಿದ್ದು ಮಾತ್ರ, “ಐನೂರ ಎಂಬತ್ತು.”

ಈಗ ಮೂರನೇ ಸಲ. ಪೈಪು ಬದಲಿಸಿದರೆ ಲೈಟು ಬರುವುದಿಲ್ಲ. ಲೈಟು ಬರದಿದ್ದರೆ ಬಿಳಿ ಕಾರೂ ಬರುವುದಿಲ್ಲ. ಇದೊಂದೇ ಸಲ, ಎಂದುಕೊಂಡಳು. ಮುಂದಿನ ಸಲ ಖಂಡಿತ ಬದಲಿಸಿಬಿಡುತ್ತೇನೆ. ಕ್ಲ್ಯಾಂಪನ್ನು ಬಿರುಕಿನ ಮೇಲೆ ಸ್ವಲ್ಪ ಸರಿಸಿ ಬಿಗಿದು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಗೆ ಬಂದಳು.

ಆವತ್ತು ಹೆದ್ದಾರಿಯಲ್ಲಿ ಅವನು ಎಂದಿನಂತೆ ಮಾತಾಡಲಿಲ್ಲ. ಸ್ಟಿಯರಿಂಗಿನ ಮೇಲೆ ಹೆಬ್ಬೆರಳಿನಿಂದ ತಾಳ ಹಾಕುತ್ತಿದ್ದ. ನದಿಯ ಸೇತುವೆ ದಾಟಿದ ಕೂಡಲೇ ಎಡಗಡೆ ಮರಗಳ ಕೆಳಗೆ ಅಗಲವಾದ ಜಾಗವಿತ್ತು. ಲಾರಿಯವರು ಟೈರು ನೋಡಿಕೊಳ್ಳಲು ನಿಲ್ಲಿಸುವ ಜಾಗ. ಆವತ್ತು ಯಾರೂ ಇರಲಿಲ್ಲ.

“ಇಲ್ಲಿ ಒಂದು ನಿಮಿಷ ನಿಲ್ಲಿಸ್ಲಾ?” ಎಂದು ಕೇಳಿದ.

ಅವಳು ಪರದೆ ನೋಡಿದಳು. ಬಿಸಿ ಆರುನೂರರ ಹತ್ತಿರ ಇತ್ತು. ಮಸಿ ಅರ್ಧ ಉರಿದಿತ್ತು, ಇನ್ನರ್ಧ ಉರಿಯುತ್ತಿತ್ತು. ಎಂಥ ಹೊಸಬನಿಗೂ ಮೊದಲು ಹೇಳಿಕೊಡುವ ಮಾತು ಅದು: ಸುಡುವಾಗ ಗಾಡಿ ನಿಲ್ಲಿಸಬಾರದು.

“ಬೇಡ. ಇನ್ನೂ ಮುಗಿದಿಲ್ಲ. ಅರ್ಧಕ್ಕೆ ನಿಲ್ಲಿಸಿದ್ರೆ ಮೊದಲಿಂದ ಸುಡಬೇಕಾಗುತ್ತೆ,” ಎಂದಳು. ಅವನ ಎದುರು ಅವಳು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು.

ಅವನು ಒಂದು ಕ್ಷಣ ಅವಳ ಮುಖ ನೋಡಿದ. “ಸರಿ ಬಿಡು. ರೇಡಿಯೋ ಹೇಳಿದ ಮೇಲೆ ಆಯ್ತಲ್ಲ,” ಎಂದು ನಕ್ಕ. ಗ್ಯಾರೇಜು ಮುಟ್ಟುವವರೆಗೂ ರಸ್ತೆಯನ್ನೇ ನೋಡುತ್ತ ಓಡಿಸಿದ. ಪಾಪ, ಬಾಯಾರಿತ್ತೋ ಏನೋ ಎಂದುಕೊಂಡು ಅವಳಿಗೆ ನಾಚಿಕೆಯಾಯಿತು.

ಆಮೇಲೆ ಅವಳು ಕಾದಳು. ಅಂಗಡಿಗೆ ಹೋಗಿ ಬಿಸಿ ತಡೆಯುವಂಥ ಒಳ್ಳೆಯ ಪೈಪನ್ನು ಅಳತೆಗೆ ಕತ್ತರಿಸಿ ತಂದು, ಸ್ಕ್ಯಾನರಿನ ಪೆಟ್ಟಿಗೆಯ ಅಡಿಯಲ್ಲಿ ಸುರುಳಿ ಸುತ್ತಿ ಇಟ್ಟಳು. ಪೈಪಿನ ಜೊತೆಗೆ ಒಂದು ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಳು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ತುಟಿಯಲ್ಲೇ ಹೇಳಿ ನೋಡುತ್ತಿದ್ದಳು. ಲೈಟು ಬರದಿದ್ರೂ ಬನ್ನಿ. ಇಷ್ಟೇ. ಇದರಲ್ಲಿ ಏನೂ ತಪ್ಪಿಲ್ಲ. ಯಾವ ಗ್ಯಾರೇಜಿನವರಾದರೂ ಹೇಳಬಹುದಾದ ಮಾತು. ಆದರೂ ಕೊನೆಯ ಶಬ್ದಕ್ಕೆ ಬರುವಷ್ಟರಲ್ಲಿ ಕಿವಿ ಬಿಸಿಯಾಗುತ್ತಿತ್ತು.

“ಏನೇ ಅದು, ತುಟಿ ಅಲ್ಲಾಡಿಸ್ತಾ ಇದೀಯ? ಮಂತ್ರಾನಾ?” ಎಂದು ಅತ್ತೆ ಕೇಳಿದಳು.

“ಏನಿಲ್ಲ ಅತ್ತೆ.”

“ಏನಿಲ್ಲ ಅಂದ್ರೆ ಏನೋ ಇದೆ. ಹುಷಾರು, ಒಳಗೇ ಇಟ್ಕೊಂಡ್ರೆ ಹಳಸುತ್ತೆ.”

ಬಿಳಿ ಕಾರು ಬಂದದ್ದು ಒಂದು ಬೆಳಿಗ್ಗೆ, ಮಾವ ಇನ್ನೂ ಶಟರಿನ ಅರ್ಧ ಮಾತ್ರ ಎತ್ತಿದ್ದಾಗ. ರಸ್ತೆಯ ಅಂಚು ಹಿಡಿದು, ನಡೆದು ಹೋಗುವವರ ಜೊತೆಗೆ ನಡೆಯುತ್ತಿರುವಂತೆ ಬಂತು. ಎಂಜಿನ್ ಎಷ್ಟು ಕೂಗಿದರೂ ಚಕ್ರ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕನ್ನಡಕದ, ದಪ್ಪನೆಯ ಹೆಂಗಸೊಬ್ಬರು ಕೂತಿದ್ದರು. ಕಾರು ನಿಂತ ಮೇಲೂ ಅವರ ಬಲಗಾಲು ಮುಂದಕ್ಕೆ ಒತ್ತಿಕೊಂಡೇ ಇತ್ತು. ಅದನ್ನು ನೋಡಿದೊಡನೆ ಇವರೇ ಅವನ ತಾಯಿ ಎಂದು ಅವಳಿಗೆ ಗೊತ್ತಾಯಿತು.

ಮಾವ ಪ್ಲಾಸ್ಟಿಕ್ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಹಾಕಿದ. ತಾಯಿ ಕೂತು, ಸುತ್ತಲೂ ನೋಡಿ, ಬಾನೆಟ್ಟಿನ ಹತ್ತಿರ ನಿಂತಿದ್ದ ಅವಳ ಮೇಲೆ ಕಣ್ಣು ನಿಲ್ಲಿಸಿದರು.

“ನೀನೇನಾ ರೇಡಿಯೋ? ಇವನು ಹೇಳ್ತಾ ಇರ್ತಾನೆ. ಬಾ ಮಗಳೇ, ಹತ್ತಿರ ಬಾ. ನಿನಗೊಂದು ಥ್ಯಾಂಕ್ಸ್ ಹೇಳಬೇಕು.”

“ನನಗಾ?”

“ನಿನಗೆ, ನಿಮ್ಮ ಮಾವನಿಗೆ, ಈ ಹಾಳು ಲೈಟಿಗೆ. ಎಲ್ಲರಿಗೂ.”

“ಅಮ್ಮಾ, ಆಮೇಲೆ ಹೇಳಿದ್ರೆ ಆಗಲ್ವಾ?” ಎಂದ ಅವನು. ಕಾರಿನ ಆಚೆ ಬದಿಯಲ್ಲೇ ನಿಂತು, ಏನೂ ಕೊಳೆಯಿಲ್ಲದ ಕನ್ನಡಿಯನ್ನು ಒರೆಸುತ್ತಿದ್ದ.

“ಆಮೇಲೆ ಯಾಕೆ? ಒಳ್ಳೆ ವಿಷಯಕ್ಕೆ ಮುಹೂರ್ತ ನೋಡಬೇಕಾ?” ತಾಯಿ ಮಾವನ ಕಡೆ ತಿರುಗಿದರು. “ನೋಡಿ ಯಜಮಾನ್ರೇ, ನಮ್ಮಕ್ಕನ ಊರಿಗೆ ಹೊರಟಿದ್ವಿ. ಅರ್ಧ ದಾರಿ ಹೋಗಿರಬೇಕು, ಏರು ಬಂತು. ಏರಲ್ಲಿ ಇದಕ್ಕೆ ಉಸಿರೇ ಕಟ್ಟಿಹೋಯ್ತು. ಹಿಂದಿಂದ ಒಬ್ಬ ಸೈಕಲ್ಲಿನವನು ಬಂದ. ನಮ್ಮನ್ನ ದಾಟಿ ಹೋಗಿ, ತಿರುಗಿ ನೋಡಿ ಟಾಟಾ ಮಾಡಿದ. ನನ್ನ ಮಾನ ಅಲ್ಲೇ ಹೋಯ್ತು.”

ಮಾವ ನಕ್ಕ. “ಇಳಿದು ತಳ್ಳಬೇಕಿತ್ತು.”

“ನಾನು ತಳ್ಳಿದ್ರೆ ಗಾಡಿ ಹಳ್ಳಕ್ಕೆ ಹೋಗುತ್ತೆ. ಕೇಳಿ ಮುಂದೆ. ಆ ಏರಿನ ಪಕ್ಕದ ಊರಲ್ಲಿ ನನ್ನ ಹಳೇ ಗೆಳತಿ ಇದಾಳೆ. ಇಬ್ಬರೂ ಒಂದೇ ಗಿರಣಿಯಲ್ಲಿ ನೂಲು ಸುತ್ತಿದವರು. ಹೇಗೋ ತೆವಳ್ಕೊಂಡು ಅವಳ ಮನೆ ಮುಟ್ಟಿದ್ವಿ. ಆ ಊರಿನ ಮೆಕ್ಯಾನಿಕ್ ಗಾಡಿ ಇಟ್ಕೊಂಡ, ನಾವು ಅವಳ ಮನೆಯಲ್ಲಿ ಉಳ್ಕೊಂಡ್ವಿ. ಅವಳಿಗೊಬ್ಬಳು ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಏನು ಮಾತು ಅಂತೀರಿ, ಅರಳು ಹುರಿದ ಹಾಗೆ. ಇವನು ಅವರ ಮನೆ ನಲ್ಲಿ ರಿಪೇರಿ ಮಾಡಕ್ಕೆ ಹೋದ. ನಲ್ಲಿ ಇನ್ನೂ ಹಾಳಾಯ್ತು. ಅವಳು ಬಕೆಟ್ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ನಾವು ಹೊರಡೋ ದಿನ ಅವಳೇ ಕೇಳಿದ್ಲಂತೆ ಇವನನ್ನ, ಮುಖಕ್ಕೆ ಮುಖ ಕೊಟ್ಟು. ಮದುವೆ ಮಾಡ್ಕೊಳ್ತೀರಾ ಅಂತ.”

“ಭಪ್ಪರೇ,” ಎಂದ ಮಾವ. “ಇವನೇನಂದ?”

“ಏನಂತಾನೆ? ಕಿವಿ ಕೆಂಪು ಮಾಡ್ಕೊಂಡು ಹೂಂ ಅಂದ. ಇಪ್ಪತ್ತೆಂಟು ತುಂಬಿತು ಇವನಿಗೆ. ಎಷ್ಟು ಹೆಣ್ಣು ತೋರಿಸಿದ್ರೂ ಆಮೇಲೆ ಆಮೇಲೆ ಅಂತಿದ್ದ. ಕಾರು ಕೆಟ್ಟಿದ್ದೇ ಒಳ್ಳೇದಾಯ್ತು ನೋಡಿ. ಕೆಡದೇ ಇದ್ದಿದ್ರೆ ನಾವು ಆ ಊರಲ್ಲಿ ಇಳೀತಾನೇ ಇರಲಿಲ್ಲ.”

ಅವಳು ಬಾನೆಟ್ಟಿನ ಕೋಲನ್ನು ಗುಳಿಗೆ ಸಿಕ್ಕಿಸಲು ನೋಡುತ್ತಿದ್ದಳು. ದಿನಕ್ಕೆ ಹತ್ತು ಸಲ ಕಣ್ಣು ಮುಚ್ಚಿ ಮಾಡುವ ಕೆಲಸ, ಈಗ ಗುಳಿ ಸಿಗುತ್ತಿರಲಿಲ್ಲ.

“ಆ ಊರಿನವನು ಏನೋ ಮಾಡಿ ಲೈಟು ಆರಿಸಿದ,” ಎಂದ ಬಿಳಿ ಕಾರಿನವನು, ಮಾವನಿಗೆ. ಅವಳ ಕಡೆ ನೋಡಲಿಲ್ಲ. “ನಮ್ಮೂರ ಹತ್ತಿರ ಬರ್ತಿದ್ದ ಹಾಗೆ ಮತ್ತೆ ಹತ್ತಿಕೊಳ್ತು.”

“ಈ ಸಲ ಗಟ್ಟಿಯಾಗಿ ಮಾಡಿಕೊಡು ಮಗಳೇ,” ಎಂದರು ತಾಯಿ. “ಮದುವೆ ಮುಗಿಯೋವರೆಗೂ ವಾರ ವಾರ ಅಲ್ಲಿಗೆ ಓಡಾಡಬೇಕು. ಆಸ್ಪತ್ರೆ ಕೆಲಸಾನೂ ಬಿಡ್ತಾ ಇದಾನೆ. ಆ ದಾರಿಯಲ್ಲೇ ದಿನಾ ಬಾಡಿಗೆ ಸಿಗುತ್ತಂತೆ.”

“ಉದ್ದ ದಾರಿ ಓಡಿದ್ರೆ ಇದಕ್ಕೆ ಮಸಿ ಕಟ್ಟೋದೇ ಇಲ್ಲಮ್ಮ,” ಎಂದ ಮಾವ. “ತಾನೇ ಸುಟ್ಕೊಳ್ಳುತ್ತೆ. ನಮ್ಮ ಮುಖ ನೋಡೋ ಕೆಲಸ ಇರಲ್ಲ ನಿಮಗೆ.”

ಲಿಫ್ಟು ಏರಿತು. ಟಾರ್ಚು ಹಾಕಿ ನೋಡಿದರೆ ಕೂದಲೆಳೆಯಷ್ಟಿದ್ದ ಸೀಳು ಈಗ ಬಾಯಿ ತೆರೆದುಕೊಂಡಿತ್ತು. ಅದರ ಸುತ್ತ ಮಸಿ ಚಿಮ್ಮಿ, ಮೇಲಿನ ತಗಡಿನ ಮೇಲೆ ಬೀಸಣಿಗೆಯಂತೆ ಕಪ್ಪಾಗಿ ಹರಡಿತ್ತು. ಇದನ್ನು ಯಾರ ಕಣ್ಣಿನಿಂದಲೂ ಮುಚ್ಚಿಡಲು ಸಾಧ್ಯವಿರಲಿಲ್ಲ, ಮಾವನ ಕಣ್ಣಿನಿಂದಲೂ.

“ಅಯ್ಯೋ, ಪೈಪೇ ಒಡೆದಿದೆಯಲ್ಲೇ ಪುಟ್ಟಿ. ಹೋದ ಸಲ ನೋಡಿದಾಗ ಇರಲಿಲ್ವಾ ಇದು?”

ಅವಳು ಟಾರ್ಚು ಆರಿಸಿದಳು. ಅವಳು ಉತ್ತರ ಕೊಡದಿರುವುದು ಅಲ್ಲಿ ಯಾರಿಗೂ ಹೊಸದಲ್ಲ. “ಆಮೇಲೆ ಒಡೆದಿರಬೇಕು ಬಿಡು. ಸುಮ್ಮನೆ ಸೆನ್ಸರಿಗೆ ಬೈದೆ,” ಎಂದು ಮಾವ ತಾನೇ ಸಮಾಧಾನ ಮಾಡಿಕೊಂಡ.

ಅವಳು ಪೆಟ್ಟಿಗೆಯ ಅಡಿಯಿಂದ ಪೈಪಿನ ಸುರುಳಿ ತೆಗೆದಳು. ಹಳೆಯ ಪೈಪನ್ನು ಎಳೆದಾಗ ಅದು ಒಣ ರೊಟ್ಟಿಯ ಹಾಗೆ ಮುರಿದು ಕೈಗೆ ಬಂತು. ಸೆನ್ಸರಿನ ಮೂತಿಯಲ್ಲಿ ಕಟ್ಟಿದ್ದ ಮಸಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಹೊಸ ಪೈಪು ಹಾಕಿ, ಅದು ಬಿಸಿ ಕಬ್ಬಿಣಕ್ಕೆ ಮತ್ತೆ ತಾಗದಂತೆ ತಗಡಿನ ಇನ್ನೊಂದು ಹಿಡಿಕೆ ಕೊಟ್ಟು ದೂರಕ್ಕೆ ಕಟ್ಟಿದಳು. ಎರಡೂ ತುದಿಗೆ ಹೊಸ ಕ್ಲ್ಯಾಂಪು ಬಿಗಿದಳು. ಕಾರು ಇಳಿಸಿ, ಎಂಜಿನ್ ಹತ್ತಿಸದೆ ಕೀ ಮಾತ್ರ ತಿರುಗಿಸಿ, ಸೆನ್ಸರು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿದಳು. ಸೊನ್ನೆಯಿತ್ತು. ಎಂಜಿನ್ ಹತ್ತಿಸಿ, ಕೆಳಗೆ ನುಸುಳಿ, ಪೈಪಿನ ಸಂದಿಗೆ ಸೋಪಿನ ನೀರು ಸವರಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒತ್ತಡದ ಅಂಕಿ ನೇರವಾಗಿ ಏರುತ್ತ ಹೋಗಿ, ಒಳಗೆ ಎಷ್ಟಿದೆಯೋ ಅಷ್ಟನ್ನೂ ತೋರಿಸಿತು. ಬಹಳ ಇತ್ತು. ಅವಳು ಆವರೆಗೆ ಮಾಡಿದ ಕೆಲಸಗಳಲ್ಲೆಲ್ಲ ಅದೇ ಅಚ್ಚುಕಟ್ಟಾದ ಕೆಲಸ. ಇನ್ನು ಹತ್ತು ವರ್ಷ ಯಾರೂ ಅದಕ್ಕೆ ಕೈ ಹಾಕಬೇಕಾಗಿರಲಿಲ್ಲ.

“ಕೊನೇ ಸಲ ಒಂದು ಸುತ್ತು ಸುಟ್ಕೊಂಡು ಬನ್ನಿ,” ಎಂದ ಮಾವ.

ತಾಯಿ ತಾವೂ ಬರುವುದಾಗಿ ಎದ್ದರು. ಅಷ್ಟರಲ್ಲಿ ಮನೆಯಿಂದ ಚಹಾ ತಂದು, ಮಾವನಿಂದ ಮದುವೆಯ ಸುದ್ದಿ ಕೇಳಿದ ಅತ್ತೆ, “ನೀವೆಲ್ಲಿ ಹೋಗ್ತೀರಾ, ಕೂತ್ಕೊಳ್ಳಿ. ಹುಡುಗಿ ಫೋಟೋ ಇದೆಯಾ?” ಎಂದು ಕೇಳಿದ್ದೇ ತಡ, ಅವರು ಮತ್ತೆ ಕೂತು ಕನ್ನಡಕ ಸರಿಮಾಡಿಕೊಂಡು ಫೋನು ತೆಗೆದರು.

ಕಾರು ಊರು ದಾಟಿತು. ಹೊಸ ಪೈಪಿನ ಗಾಡಿ ಮಸಿಯ ಭಾರ ಹೊತ್ತು ನಿಧಾನವಾಗಿ ವೇಗ ಹಿಡಿಯಿತು. ಅವಳು ಸ್ಕ್ಯಾನರಿನ ಗುಂಡಿ ಒತ್ತಿದಳು.

“ಮುನ್ನೂರ ಐವತ್ತು,” ಎಂದಳು.

“ಅಮ್ಮ ಎಲ್ಲಾ ಹೇಳಿಬಿಟ್ರು.”

“ಹೂಂ.”

“ನಾನೇ ಹೇಳೋಣ ಅಂತ ಇದ್ದೆ. ಮೊದಲು ನಿನಗೆ.”

“ನಾನೂರ ಇಪ್ಪತ್ತು.”

ಅವನು ಗೇರು ಬದಲಿಸಿದ. ಮುಂದಿನ ಲಾರಿಯೊಂದು ದಾರಿ ಬಿಟ್ಟಿತು. ಅವನು ಕೈ ಎತ್ತಲಿಲ್ಲ. ಐನೂರು ದಾಟಿತು, ಐನೂರೈವತ್ತೂ ದಾಟಿತು. ಸೇತುವೆಯ ಮೇಲೆ ಗಾಳಿ ಕಾರನ್ನು ಪಕ್ಕಕ್ಕೆ ತಳ್ಳಿತು. ಕೆಳಗೆ ನೀರು ಕಡಿಮೆಯಿತ್ತು, ಕಲ್ಲುಗಳು ಕಾಣುತ್ತಿದ್ದವು. ಸೇತುವೆ ಮುಗಿದು ಮರಗಳು ಬಂದವು.

“ಹೋದ ಸಲ ಇಲ್ಲಿ ನಿಲ್ಲಿಸ್ಲಾ ಅಂತ ಕೇಳಿದ್ದೆ. ನೆನಪಿದೆಯಾ?”

“ಇದೆ. ನಿಮಗೆ ಬಾಯಾರಿತ್ತೇನೋ ಅಂದ್ಕೊಂಡೆ.”

“ನೀರು ಕಾರಲ್ಲೇ ಇತ್ತು.” ಅವನು ನಗಲು ನೋಡಿದ. “ಮನೆಯಿಂದಲೇ ಕಲಿತುಕೊಂಡು ಬಂದಿದ್ದೆ ಆವತ್ತು. ನರ್ಸಮ್ಮಂದಿರನ್ನ ಬಿಟ್ಟು ಬರೋವಾಗ, ಕಾರಲ್ಲಿ ಯಾರೂ ಇಲ್ಲದೆ ಇದ್ದಾಗ, ಜೋರಾಗಿ ಹೇಳಿ ಹೇಳಿ ನೋಡಿದ್ದೆ. ನಿನ್ನನ್ನ ಒಂದು ಮಾತು ಕೇಳಬೇಕು ಅಂತ. ಇಲ್ಲಿ ಬಂದು ನಿನ್ನ ಮುಖ ನೋಡಿದೆ. ನಿನ್ನ ಮುಖ ನೋಡಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ ಕಣೇ. ನೀನು ಆ ಪರದೆ ನೋಡ್ತಾ ಇದ್ದೆ. ನನ್ನ ಧೈರ್ಯ ಅಲ್ಲಿಗೆ ಮುಗೀತು. ಇವಳಿಗೆ ನಾನೂ ಒಂದು ಗಾಡಿನೇ ಅಂತ ಅನ್ನಿಸ್ತು.”

ಮರಗಳು ಹಿಂದಕ್ಕೆ ಹೋದವು. ಅವಳು ತೊಡೆಯ ಮೇಲಿನ ಪರದೆ ನೋಡಿದಳು. ಅಂಕಿಗಳು ನೀರಿನಲ್ಲಿ ಬಿದ್ದ ಹಾಗೆ ಕಂಡವು. ಕಣ್ಣು ಒರೆಸಿಕೊಂಡರೆ ಅವನಿಗೆ ಗೊತ್ತಾಗುತ್ತದೆ ಎಂದು ಒರೆಸಿಕೊಳ್ಳಲಿಲ್ಲ. ಅಂಕಿ ಓದದೆ ಬಹಳ ದೂರ ಹೋಗಿದ್ದರು.

“ಪೈಪು ಒಡೆದಿದ್ದು ನನಗೆ ಹೋದ ಸಲಾನೇ ಗೊತ್ತಿತ್ತು,” ಎಂದಳು.

“ಏನಂದೆ?”

“ಬಿರುಕು. ನಾನು ನೋಡಿದ್ದೆ. ಸಣ್ಣದಿತ್ತು ಆವಾಗ. ಬದಲಾಯಿಸಬಹುದಿತ್ತು. ಮಾವನಿಗೂ ಹೇಳಲಿಲ್ಲ.”

ಅವನಿಗೆ ಕೋಪ ಬಂದಂತೆ ಕಾಣಲಿಲ್ಲ, ಅರ್ಥವಾದಂತೆಯೂ ಕಾಣಲಿಲ್ಲ. ಏರಿನಲ್ಲಿ ತಾಯಿಯನ್ನು ಕೂರಿಸಿಕೊಂಡು, ಹಿಂದೆ ಸಾಲುಗಟ್ಟಿದ ಗಾಡಿಗಳ ಬೈಗುಳ ಕೇಳುತ್ತ ತೆವಳಿದ್ದು ಅವನ ಕಣ್ಣ ಮುಂದೆ ಬಂದಿರಬೇಕು. “ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?” ಎಂದು ಕೇಳಿದ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಎಷ್ಟು ವರ್ಷ ತಡೆದಿದ್ದಳೋ, ಅದೆಲ್ಲ ಈಗ ಯಾವ ಲೆಕ್ಕಕ್ಕೂ ಬರಲಿಲ್ಲ.

“ಸರಿಹೋಗಿದ್ರೆ ನೀವು ಬರ್ತಾ ಇರಲಿಲ್ಲ,” ಎಂದಳು.

ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಇಳಿಯಿತು. ಪರದೆಯ ಮೇಲೆ ಆರುನೂರ ಹತ್ತು ಇದ್ದದ್ದು ಐನೂರ ತೊಂಬತ್ತಾಯಿತು, ಐನೂರ ಎಪ್ಪತ್ತಾಯಿತು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಅವನ ಕಾಲು ಎಲ್ಲಿದೆಯೆಂದು ಅಂಕಿಯೇ ಹೇಳುತ್ತಿತ್ತು. ಹಿಂದಿನ ಬಸ್ಸೊಂದು ಹಾರ್ನ್ ಬಾರಿಸುತ್ತ ಪಕ್ಕಕ್ಕೆ ತಿರುಗಿ ದಾಟಿಹೋಯಿತು. ಐನೂರ ನಲವತ್ತು.

“ಕಾಲು ತೆಗೀಬೇಡಿ,” ಎಂದಳು ಮೆಲ್ಲಗೆ. “ಆರಿಹೋಗುತ್ತೆ.”

ಅವನು ಮತ್ತೆ ಒತ್ತಿದ. ಅಂಕಿ ಒಂದು ಕ್ಷಣ ನಿಂತು, ಯೋಚಿಸಿದ ಹಾಗೆ ಮಾಡಿ, ಏರತೊಡಗಿತು.

ಬಹಳ ಹೊತ್ತು ರಸ್ತೆಯಷ್ಟೇ ಓಡಿತು. ಒಂದು ಪೆಟ್ರೋಲ್ ಬಂಕು, ಅರ್ಧ ಕಟ್ಟಿ ಬಿಟ್ಟ ಮನೆ, ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು. ಕೊನೆಗೆ ಅವನೇ ಬಾಯಿಬಿಟ್ಟ. “ಮಾತು ಕೊಟ್ಟುಬಿಟ್ಟಿದೀನಿ.”

“ಗೊತ್ತು.”

“ಅವಳು ಒಳ್ಳೆ ಹುಡುಗಿ. ಯಾವ ತಪ್ಪೂ ಮಾಡಿಲ್ಲ.”

“ಹೂಂ.”

“ಏನಾದ್ರೂ ಹೇಳು. ಬೈಯಾದ್ರೂ ಬೈ.”

ಅವಳು ಯೋಚಿಸಿದಳು. ಬೈಯಲು ಯಾರೂ ಸಿಗಲಿಲ್ಲ. “ನಲ್ಲಿ ರಿಪೇರಿ ಮಾಡೋವಾಗ ಮೊದಲು ನೀರಿನ ವಾಲ್ವು ಮುಚ್ಚಬೇಕು,” ಎಂದಳು.

ಅವನು ನಕ್ಕೇಬಿಟ್ಟ. ನಕ್ಕ ಸದ್ದು ಅರ್ಧದಲ್ಲಿ ಬೇರೆ ಏನೋ ಆಯಿತು. ಎಡಗೈಯ ಹಿಂಬದಿಯಿಂದ ಮೂಗು ಒರೆಸಿಕೊಂಡು, ಮತ್ತೆ ಗೇರಿನ ಮೇಲೆ ಕೈ ಇಟ್ಟ. ಅವಳ ಕೈ ಅಲ್ಲೇ ಸ್ಕ್ಯಾನರಿನ ತಂತಿಯ ಮೇಲೆ ಇತ್ತು. ಎರಡು ಕೈಗಳ ನಡುವೆ ಒಂದು ಅಂಗೈಯಷ್ಟು ಜಾಗವಿತ್ತು. ಅದು ಹಾಗೇ ಉಳಿಯಿತು.

ಪರದೆಯಲ್ಲಿ ಮಸಿಯ ಪಟ್ಟಿ ಕರಗುತ್ತ ಕರಗುತ್ತ ತಳ ಮುಟ್ಟಿತು. ಸ್ಕ್ಯಾನರು ಟಿಣ್ ಎಂದಿತು. ಮುಂದಿನ ಕಿತ್ತಳೆ ಲೈಟು ಆರಿತು.

“ಮುಗೀತು,” ಎಂದಳು. “ಇನ್ನು ನಿಲ್ಲಿಸಬಹುದು.”

ಅವನು ನಿಲ್ಲಿಸಲಿಲ್ಲ. ಹಿಂದಿರುಗುವ ತಿರುವು ಒಂದು ದಾಟಿಹೋಯಿತು. ಕಾರು ಹಗುರಾಗಿತ್ತು, ಏರನ್ನು ಏರೆಂದೇ ಎಣಿಸದೆ ಓಡುತ್ತಿತ್ತು. ಹಿಂಬದಿಯ ಕನ್ನಡಿಯಲ್ಲಿ ಹೊಗೆಯ ಒಂದು ಎಳೆಯೂ ಇರಲಿಲ್ಲ. ಅವಳು ಸ್ಕ್ಯಾನರಿನ ತಂತಿಯನ್ನು ಕಿತ್ತು, ಸುತ್ತಿ, ಪೆಟ್ಟಿಗೆಯಲ್ಲಿಟ್ಟಳು. ಓದಿ ಹೇಳಲು ಇನ್ನೇನೂ ಇರಲಿಲ್ಲ. ಎರಡನೇ ತಿರುವು ಬಂದಾಗ ಅವನು ಕಾರನ್ನು ರಸ್ತೆಯ ನಡುವಿನ ಗ್ಯಾಪಿಗೆ ತಂದು, ಇಂಡಿಕೇಟರ್ ಹಾಕಿ, ನಿಂತ.

ಎದುರಿನಿಂದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿಯೊಂದೂ ದಾಟುವಾಗ ಕಾರು ಸಣ್ಣಗೆ ನಡುಗುತ್ತಿತ್ತು. ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಿತ್ತು. ಲಾರಿಗಳ ಸಾಲು ಮುಗಿದು ರಸ್ತೆ ಖಾಲಿಯಾಯಿತು. ದೂರದ ತಿರುವಿನವರೆಗೂ ಒಂದು ಸೈಕಲ್ಲೂ ಇರಲಿಲ್ಲ. ಅವನು ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಖಾಲಿ ರಸ್ತೆಯನ್ನು ನೋಡುತ್ತಿದ್ದ. ಅವಳೂ ನೋಡುತ್ತಿದ್ದಳು. ಹೋಗಬಹುದು ಎಂದು ಅವಳು ಹೇಳಲಿಲ್ಲ. ತಿರುವಿನಲ್ಲಿ ಮತ್ತೊಂದು ಲಾರಿ ಕಾಣಿಸಿಕೊಂಡು, ದೊಡ್ಡದಾಗುತ್ತ ಬಂದು, ದಾಟಿಹೋಯಿತು. ಅದರ ಹಿಂದೆ ಇನ್ನೊಂದು ಬರುತ್ತಿತ್ತು.